ಮೇಲಿನ ಮನೆಯ ಚುರುಟುಗಳು

ಮೆಟ್ಟಿಲ ಮೇಲೆ ಹೊಗೆಸೊಪ್ಪಿನ ವಾಸನೆ ಬಡಿದದ್ದೇ ಆಶಾರಾಣಿಗೆ ಪಿತ್ತ ನೆತ್ತಿಗೇರಿತು. ಕಾಡುಗೋಡಿಯ ಆ ಮೂರಂತಸ್ತಿನ ಮನೆ ಅವಳಮ್ಮ ಕೃಷ್ಣಮ್ಮನದು. ಬಾಡಿಗೆಯವರ ಜೊತೆ ಜಗಳಾಡುವ ಕೆಲಸ ಮಾತ್ರ ಮಗಳದು. ಸೀದಾ ಮೇಲೆ ಹೋಗಿ ಬಾಗಿಲು ಬಡಿದಳು.

"ಮನೇಲಿ ಸ್ಮೋಕಿಂಗ್ ಬೇಡ ಅಂತ ಮೊದಲೇ ಹೇಳಿದ್ವಲ್ಲ?"

ಬಾಗಿಲು ತೆರೆದ ಬಾಡಿಗೆಯ ಬಸಲಿಂಗ ಗಾಬರಿಯಲ್ಲಿ ಕನ್ನಡಕ ಸರಿಮಾಡಿಕೊಂಡ. ಕೊಟ್ಟೂರಿನವನು, ಬೆಳ್ಳಂದೂರಿನ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ. "ನಾನು ಸೇದಲ್ರೀ ಮೇಡಂ. ಸುಮ್ನೆ ಇಟ್ಟೀನಿ."

ಕಿಟಕಿಯ ಪಕ್ಕ ದೇವದಾರು ಮರದ ಪೆಟ್ಟಿಗೆ. ಒಳಗೆ ಸಾಲಾಗಿ ಮಲಗಿದ ಚುರುಟುಗಳು, ಮೂಲೆಯಲ್ಲಿ ತೇವ ಅಳೆಯುವ ಪುಟ್ಟ ಮೀಟರು. ವಿದೇಶದ ಕ್ಲೈಂಟ್ ಬಂದಾಗಲೆಲ್ಲ ಕೊಟ್ಟು ಹೋಗುತ್ತಿದ್ದನಂತೆ. ಹದವಾಗಿ ವರ್ಷಗಟ್ಟಲೆ ಇಟ್ಟರೆ ಘಾಟು ಇಳಿದು ರುಚಿ ಮಾಗುತ್ತದಂತೆ.

"ಯಾವಾಗ ಸೇದ್ತೀರ?"

"ಒಳ್ಳೆ ದಿನ ಬಂದಾಗ ಒಂದು."

"ಎಷ್ಟು ವರ್ಷದಿಂದ ಇಟ್ಟಿದೀರ?"

"ಐದಾರಾತು."

"ಅಷ್ಟು ವರ್ಷದಲ್ಲಿ ಒಂದೂ ಒಳ್ಳೆ ದಿನ ಬರಲಿಲ್ವಾ?"

ಅವನು ನಿಜಕ್ಕೂ ಯೋಚಿಸತೊಡಗಿದ. ಅವಳು ಹಣೆ ಚಚ್ಚಿಕೊಂಡಳು.

ಸುಮ್ಮನೆ ಇಳಿದು ಬರಬಹುದಿತ್ತು. ಆದರೆ ವೈಟ್‌ಫೀಲ್ಡಿನ ಔಷಧ ಕಂಪನಿಯಲ್ಲಿ ಮಾತ್ರೆಗಳನ್ನು ಇಷ್ಟೇ ಶಾಖದಲ್ಲಿ, ಇಷ್ಟೇ ತೇವದಲ್ಲಿ ಕಾಪಾಡುವುದೇ ಅವಳ ನೌಕರಿ. "ಬಿಸಿಲು ಬೀಳೋ ಜಾಗದಲ್ಲಿ ಯಾರಾದ್ರೂ ಇಡ್ತಾರಾ? ತೇವಕ್ಕೆ ನಲ್ಲಿ ನೀರು ಹಾಕ್ತಿದೀರಾ? ಬೂಷ್ಟು ಬರುತ್ತೆ. ಡಿಸ್ಟಿಲ್ಡ್ ವಾಟರ್ ತನ್ನಿ."

ಹೀಗೆ ಬೈಯುವುದಕ್ಕೆಂದೇ ರಜೆಯ ದಿನಗಳಲ್ಲಿ ಮೇಲೆ ಹೋಗುವುದು ರೂಢಿಯಾಯಿತು. ತೇವ ಸಮನಾಗಲೆಂದು ಕೆಳಗಿನ ಚುರುಟು ಮೇಲೆ, ಮೇಲಿನದು ಕೆಳಗೆ ಇಬ್ಬರೂ ಕೂತು ಬದಲಿಸುತ್ತಿದ್ದರು. ಒಂದನ್ನು ಅವಳ ಮೂಗಿನ ಹತ್ತಿರ ಹಿಡಿದಾಗ ಅವನ ನೋಟ ಚುರುಟಿನಿಂದ ಜಾರಿ ಅವಳ ಕಣ್ಣಲ್ಲಿ ನಿಲ್ಲುತ್ತಿತ್ತು. ಏನೋ ಹೇಳಲು ಬಾಯಿ ತೆರೆಯುತ್ತಿದ್ದ. ಅವಳು ಉಸಿರು ಬಿಗಿಹಿಡಿಯುತ್ತಿದ್ದಳು.

"ಇವತ್ತು ತೇವ ಸ್ವಲ್ಪ ಕಮ್ಮಿ ಐತಲ್ರೀ," ಅನ್ನುತ್ತಿದ್ದ.

ಇಂಥವನನ್ನು ಏನು ಮಾಡುವುದು?

ಕೊನೆಗೆ ಅವಳೇ ಹೇಳಿದಳು. "ಬರೋ ಭಾನುವಾರ ಬೇಗೂರಿಂದ ನನ್ನ ನೋಡೋಕೆ ಬರ್ತಿದಾರೆ."

ಅವನ ಕೈ ಅಲ್ಲೇ ನಿಂತಿತು. "ಒಳ್ಳೇದು," ಅಂದ. ಮರುದಿನ ಬೀಗದ ಕೈ ಕೊಟ್ಟು, "ಊರಿಗೆ ಹೋಗಿ ಬರ್ತೀನಿ, ಪೆಟ್ಟಿಗೆ ನೋಡ್ಕೋರಿ," ಅಂದು ಹೊರಟುಬಿಟ್ಟ. ಆ ಪೆಟ್ಟಿಗೆಯನ್ನೇ ಅವನ ತಲೆಗೆ ಎಸೆಯಬೇಕು ಅನ್ನಿಸಿತು ಅವಳಿಗೆ.

ಏಪ್ರಿಲ್ ಬಿಸಿಲು. ಪೆಟ್ಟಿಗೆಗೆಂದೇ ಅವನು ಹಾಕಿಟ್ಟು ಹೋಗಿದ್ದ ಎ.ಸಿ. ಕೆಟ್ಟಿತು. ಅವಳು ಹೋಗಿ ನೋಡುವಷ್ಟರಲ್ಲಿ ಕೋಣೆ ಕಾದ ಒಲೆ. ಹಳೆಯ ಚುರುಟುಗಳ ಮೈತುಂಬ ಸೂಜಿ ಚುಚ್ಚಿದಂಥ ತೂತು, ಕೆಳಗೆ ಕಂದು ಪುಡಿ. ಎಲೆಯೊಳಗೆ ಅಡಗಿದ್ದ ಹುಳ ಶಾಖಕ್ಕೆ ಎದ್ದಿತ್ತು. ಕೆಟ್ಟದ್ದನ್ನು ಬಿಸಾಡಿ, ಉಳಿದದ್ದನ್ನು ಗಾಳಿಯಾಡದ ಕವರಿಗೆ ಹಾಕಿ ಕೆಳಗೆ ಓಡಿದಳು. ಮೊದಲು ಫ್ರಿಜ್ಜು, ಆಮೇಲೆ ಫ್ರೀಜರು. ಆ ಹುಳಕ್ಕೆ ಚಳಿಯೇ ಮದ್ದು.

"ದೋಸೆ ಇಟ್ಟಿನ ಪಕ್ಕ ಇದೇನೇ?" ಕೃಷ್ಣಮ್ಮ ಬಾಗಿಲಲ್ಲಿ ನಿಂತಿದ್ದಳು. "ಮೇಲಿನ ಉಡ್ಗಂದಾ? ಅವನ್ದಕ್ಕೆ ನೀನ್ಯಾಕೆ ಇಂಗೆ ಒದ್ದಾಡ್ತೀಯ?"

ಆಶಾ ಅವನಿಗೆ ಫೋನ್ ಮಾಡಿದಳು.

"ಹುಳ ಬಿದ್ದಿದೆ. ಹಳೇವೆಲ್ಲ ಹೋದ್ವು." "ಹೌದೇನ್ರೀ?" ಅಂದ ಅವನು, ಅಷ್ಟೇ. ಅವಳ ತಾಳ್ಮೆ ಹರಿಯಿತು. "ಇಷ್ಟು ವರ್ಷ ಕಾದು ಒಂದನ್ನೂ ಬಾಯಿಗಿಡಲಿಲ್ಲ ನೀವು. ಹುಳ ತಿಂತು. ನನ್ನ ನೋಡೋಕೆ ಬರ್ತಾರೆ ಅಂದ್ರೆ ಅದಕ್ಕೂ ಒಳ್ಳೇದು ಅಂದ್ರಿ."

"ಒಳ್ಳೇದಲ್ರೀ," ಅಂದ ಅವನು ಮೆಲ್ಲಗೆ. "ಸುಳ್ಳು ಹೇಳ್ದೆ. ಹೊಟ್ಟೆಗೆ ಬೆಂಕಿ ಬಿದ್ದಂಗಾಗಿತ್ತು."

ಅವಳು ಗೋಡೆಗೆ ಒರಗಿದಳು. "ಮತ್ತೆ ಊರಿಗ್ಯಾಕೆ ಹೋದ್ರಿ?"

"ಅಪ್ಪನ ಮುಂದೆ ನಿಮ್ಮ ವಿಷಯ ಹೇಳಾಕೆ."

"ಹೇಳಿದ್ರಾ?"

"ಇಲ್ರೀ. ಸರಿಯಾದ ಟೈಮ್ ನೋಡಾಕತ್ತೀನಿ."

ಆಶಾ ಕಣ್ಣು ಮುಚ್ಚಿ ತೆರೆದಳು. "ಅಪ್ಪ ಎಲ್ಲಿದಾರೆ ಈಗ?"

"ಒಳಗೆ ಉಣ್ಣಾಕತ್ತಾರ."

"ಫೋನ್ ಇಡಬೇಡಿ. ಹಾಗೇ ಒಳಗೆ ಹೋಗಿ ಹೇಳಿ. ನಾನು ಕೇಳಿಸ್ಕೋತೀನಿ."

ಚಪ್ಪಲಿ ಬಿಟ್ಟ ಸದ್ದು, ತಟ್ಟೆಯ ಸದ್ದು. ತೊದಲಿದ ಮಾತು. ಅವನಪ್ಪ ಕೊಟ್ರಪ್ಪ ನೀರು ಕುಡಿದು ಲೋಟ ಕೆಳಗಿಟ್ಟ ಸದ್ದು. ಆಮೇಲೆ, "ಹುಡುಗಿ ಹೆಸರೇನಪಾ?"

"ಆಶಾ," ಅಂದ ಬಸಲಿಂಗ. ಮೇಡಂ ಇಲ್ಲದೆ ಅವನ ಬಾಯಲ್ಲಿ ಅವಳ ಹೆಸರು ಬಂದದ್ದು ಅದೇ ಮೊದಲು.

ಅವಳು ಫೋನನ್ನು ಎದೆಗೊತ್ತಿಕೊಂಡು ತಿರುಗಿದಳು. ಕೃಷ್ಣಮ್ಮ ಇನ್ನೂ ಅಲ್ಲೇ ನಿಂತಿದ್ದಳು.

"ಅಮ್ಮ," ಅಂದಳು, "ಬೇಗೂರಿನವರಿಗೆ ಬರಬೇಡಿ ಅಂತ ಹೇಳ್ಬಿಡು."