ಅಂಕ ಕೊಡದೆ ಎದ್ದು ಹೋದವನು

ಮೊದಲ ದಿನವೇ ಸಿಸ್ಟರ್‌ಗೆ ಆ ಮನುಷ್ಯನ ಮೇಲೆ ಕೋಪ ಬಂದಿತ್ತು.

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಸ್ಟೋರ್ ರೂಮಿಗೆ ಅಂಟಿಕೊಂಡ ಒಂದು ಪುಟ್ಟ ಕೋಣೆ. ಅದೇ ಗ್ರಾಂಟ್ಸ್ ಆಫೀಸು. ಸಂಶೋಧನೆಗೆ ಹಣ ಕೊಡುವವರು ಎಲ್ಲಿದ್ದಾರೆ, ಯಾವ ಪ್ರಶಸ್ತಿಗೆ ಯಾರು ಅರ್ಜಿ ಹಾಕಬಹುದು ಎಂದು ಹುಡುಕಿ ಹೇಳುವುದು ಅಲ್ಲಿ ಕೂತವನ ಕೆಲಸ. ಎದುರಾದವರ ಕ್ಷೇಮ ವಿಚಾರಿಸುವ ಬದಲು 'ಇನ್ನು ಒಂಬತ್ತೇ ದಿನ ಇದೆ' ಎಂದು ನೆನಪಿಸುವ ಅವನ ಚಾಳಿಯಿಂದಾಗಿ ಇಡೀ ಆಸ್ಪತ್ರೆ ಅವನನ್ನು 'ಡೆಡ್‌ಲೈನ್ ಸಾರ್' ಎಂದೇ ಕರೆಯುತ್ತಿತ್ತು. ಸಿಸ್ಟರ್ ಕೆಲಸ ಮಾಡುವ ಪ್ಯಾಲಿಯೇಟಿವ್ ವಾರ್ಡಿನಲ್ಲಿ ಮಾತ್ರ ಆ ಹೆಸರು ನಡೆಯುತ್ತಿರಲಿಲ್ಲ. ಅಲ್ಲಿ ಮಲಗಿದ್ದವರೆಲ್ಲ ವಯಸ್ಸಾದವರು, ವಾಸಿಯಾಗದ ಕಾಯಿಲೆಯವರು. ಅವರ ಮುಂದೆ ಡೆಡ್‌ಲೈನ್ ಎನ್ನಲು ಯಾರಿಗೆ ನಾಲಿಗೆ ಬರುತ್ತದೆ?

ಅವಳ ಹನ್ನೊಂದು ಪುಟದ ಅರ್ಜಿಯನ್ನು ಅವನು ಅವಳೆದುರಿಗೇ ಓದಿದ್ದ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಶಾಲೆಯ ಮಗುವಿನ ಹಾಗೆ. ನಿಂತಿದ್ದವಳಿಗೆ ಕಾಲು ನೋವು ಬಂದು ತಾನಾಗಿಯೇ ಕೂತಳು. ಕೊನೆಗೆ ಅವನು ಕನ್ನಡಕ ತೆಗೆದು, ತೀರಾ ಮೆತ್ತಗಿನ ದನಿಯಲ್ಲಿ ಹೇಳಿದ:

"ಸಿಸ್ಟರ್, ಇದರಲ್ಲಿ ಎಲ್ಲಾ ಇದೆ. ಪ್ರಶ್ನೆ ಒಂದೇ ಇಲ್ಲ."

ಹದಿನಾರು ವರ್ಷ ಆ ವಾರ್ಡಿನಲ್ಲಿ ಕಳೆದವಳಿಗೆ ಮೈಯೆಲ್ಲ ಉರಿದುಹೋಯಿತು. ಮರೆವಿನ ಕಾಯಿಲೆಯಿಂದ ಮಾತೇ ಕಳೆದುಕೊಂಡ ಮುದುಕರಿಗೆ ನೋವಾದರೆ ಅವರು ಹೇಳುವುದಿಲ್ಲ. ಡಾಕ್ಟರು ಬಂದು ನೋಡಿ 'ಶಾಂತವಾಗಿದ್ದಾರೆ' ಎಂದು ಬರೆದು ಹೋಗುತ್ತಾರೆ. ಆದರೆ ಹತ್ತಿರದಿಂದ ನೋಡಿಕೊಳ್ಳುವವರಿಗೆ ಅದು ಗೊತ್ತಾಗುತ್ತದೆ. ಹುಬ್ಬಿನ ಗಂಟು, ಉಸಿರಿನ ಓಟ, ಬೆರಳುಗಳ ಚಡಪಡಿಕೆ, ಇಂಥ ಏಳು ಗುರುತುಗಳನ್ನು ಅವಳು ಪಟ್ಟಿ ಮಾಡಿದ್ದಳು. ಅದನ್ನು ಸರಿಯಾಗಿ ಪರೀಕ್ಷೆಗೆ ಒಡ್ಡಿ, ಎಲ್ಲ ವಾರ್ಡುಗಳಿಗೂ ತಲುಪಿಸಬೇಕು ಎನ್ನುವುದು ಅವಳ ಹಟ. ಅದರಲ್ಲಿ ಪ್ರಶ್ನೆ ಇಲ್ಲವಂತೆ.

"ಪ್ರಶ್ನೆ ಇಲ್ದೇ ಹೋದ್ರೆ ಹದಿನಾರು ವರ್ಷ ನಾನು ಮಾಡಿದ್ದೇನು ಸಾರ್?"

"ಉತ್ತರ ಹುಡುಕಿದ್ರಿ," ಎಂದ ಅವನು. "ಪ್ರಶ್ನೆ ಏನು ಅಂತ ನಾಳೆ ಬಂದು ಹೇಳಿ. ಒಂದೇ ಸಾಲಿನಲ್ಲಿ."

ಅವಳು ಮುಖ ಗಂಟು ಹಾಕಿಕೊಂಡು ಹೊರಟಳು. ಮರುದಿನ ಸಂಜೆ ನಾಲ್ಕೂಕಾಲಿಗೆ, ಶಿಫ್ಟ್ ಮುಗಿದ ಕೂಡಲೇ ಒಂದು ಸಾಲು ಬರೆದುಕೊಂಡು ಹಾಜರಾದಳು. ಅವನು ಅದರಲ್ಲಿ ಎರಡು ಪದ ಹೊಡೆದುಹಾಕಿದ. ಅದರ ಮರುದಿನವೂ ಬಂದಳು. ಹೀಗೆ ಶುರುವಾಯಿತು ಆ ನಾಲ್ಕೂಕಾಲಿನ ಕಥೆ.

ಹಣ ಕೊಡುವವರನ್ನು ಹುಡುಕುವುದು ಮಾತ್ರ ಇಬ್ಬರ ತಾಳ್ಮೆಯನ್ನೂ ಅಳೆದುಬಿಟ್ಟಿತು. ವೃದ್ಧಾಪ್ಯದ ಸಂಶೋಧನೆಗೆಂದೇ ಇರುವ ಸಂಸ್ಥೆಯವರು ಇದು ಪ್ಯಾಲಿಯೇಟಿವ್ ವಿಷಯ ಎಂದರು. ಪ್ಯಾಲಿಯೇಟಿವ್‌ನವರು ಇದು ವೃದ್ಧಾಪ್ಯದ ವಿಷಯ ಎಂದು ವಾಪಸು ಕಳಿಸಿದರು. ಒಂದು ಕಡೆ ಮುಖ್ಯ ಸಂಶೋಧಕರು ಡಾಕ್ಟರೇ ಆಗಿರಬೇಕಿತ್ತು. ಇನ್ನೊಂದು ಕಡೆ ಪ್ರಶಸ್ತಿ ಮೂವತ್ತೈದು ದಾಟದವರಿಗೆ ಮಾತ್ರ, ಸಿಸ್ಟರ್‌ಗೆ ಮೂವತ್ತೆಂಟು.

"ಮುದುಕರ ವಿಷಯ ಓದೋಕೂ ಹುಡುಗರೇ ಬೇಕಂತೆ," ಎಂದು ಅವಳು ನಕ್ಕಾಗ ಅವನು ನಗಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದವನು, ಸಿಕ್ಕಿಬಿದ್ದವನಂತೆ ತಟ್ಟನೆ ಗ್ರಾಂಟುಗಳ ಪಟ್ಟಿ ಬರೆದಿದ್ದ ಗೋಡೆಯ ಬೋರ್ಡಿನತ್ತ ತಿರುಗಿ, ಆಗಲೇ ಗೆರೆ ಎಳೆದಿದ್ದ ಒಂದು ತಾರೀಖಿನ ಕೆಳಗೆ ಇನ್ನೊಮ್ಮೆ ಗೆರೆ ಎಳೆದ. ಅವನ ಕಿವಿ ಕೆಂಪಾಗಿತ್ತು. ಕೋಣೆಯಲ್ಲಿ ಸೆಖೆ ಜಾಸ್ತಿ ಎಂದುಕೊಂಡಳು ಅವಳು. ರೋಗಿಯ ರೆಪ್ಪೆ ಅದುರಿದರೂ ಅರ್ಥ ಮಾಡಿಕೊಳ್ಳುವವಳ ಜಾಣತನ ವಾರ್ಡಿನ ಹೊರಗೆ ಇಷ್ಟೇ.

ಅಂತೂ ಅರ್ಜಿ ಹಾಕಬಹುದಾದ ಒಂದು ಗ್ರಾಂಟ್ ಸಿಕ್ಕಿತು. ಎರಡು ವರ್ಷದ್ದು, ನರ್ಸ್‌ಗಳೂ ಮುಂದಾಳಾಗಬಹುದಾದದ್ದು. ಷರತ್ತು ಒಂದೇ: ಒಂದು ಆಸ್ಪತ್ರೆಯಿಂದ ಒಂದೇ ಅರ್ಜಿ.

ಬರೆಯುವ ಮೊದಲು ವಾರ್ಡು ನೋಡಬೇಕು ಎಂದ ಅವನು. ಕಾಗದದ ಮನುಷ್ಯ ಐದು ನಿಮಿಷ ಇದ್ದು ಓಡಿಹೋಗುತ್ತಾನೆ ಎಂದು ಸಿಸ್ಟರ್ ಲೆಕ್ಕ ಹಾಕಿದ್ದಳು. ಅವನು ಮೂರನೇ ಮಂಚದ ಅಜ್ಜಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತುಬಿಟ್ಟ. ಆ ಅಜ್ಜಿ ಒಂದು ಕಾಲದಲ್ಲಿ ಬಟ್ಟೆ ಹೊಲಿಯುತ್ತಿದ್ದವರು. ಮಾತು ಹೋಗಿ ಎರಡು ವರ್ಷವಾಗಿತ್ತು. ಮುಖ ಕೊಳದ ನೀರಿನಷ್ಟು ನಿಶ್ಚಲ. ಅರ್ಧ ಗಂಟೆ ಅವನು ಮಿಸುಕಲಿಲ್ಲ. ಆಮೇಲೆ ಬಗ್ಗಿ, ಪಿಸುಗುಟ್ಟಿದ:

"ಎಡಗೈ. ಹೊದಿಕೆ ಅಂಚನ್ನ ಮಡಿಸ್ತಾ ಇದ್ದಾರೆ, ಹೊಲಿಯೋ ಹಾಗೆ. ಈಗ ಬಿಗಿಯಾಗಿ ಮಡಿಸ್ತಿದ್ದಾರೆ. ನೋವಾಗ್ತಿದೆ ಅಲ್ವಾ?"

ಹೌದೆಂದಳು ಸಿಸ್ಟರ್. ಡಾಕ್ಟರನ್ನು ಕರೆಸಿ ಔಷಧಿ ಕೊಡಿಸಿದಳು. ಸ್ವಲ್ಪ ಹೊತ್ತಿಗೆ ಆ ಬೆರಳುಗಳು ಒಂದೊಂದಾಗಿ ಸಡಿಲಾದವು. ಅವನು ಬೇರೆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡ. ಪ್ರೀತಿ ಎನ್ನುವುದು ಈ ವಯಸ್ಸಿನಲ್ಲಿ ಹೀಗೆ, ಮೂರನೇ ಮಂಚದ ಪಕ್ಕ, ಡೆಟಾಲ್ ವಾಸನೆಯ ನಡುವೆ ಬರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮನೆಯಲ್ಲಿ ಅಕ್ಕನಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಗ್ರಾಂಟು ಗ್ರಾಂಟು ಅಂತ ಹೇಳಿಕೊಂಡು ಯಾರೂ ಹೊಸ ಓಲೆ ಹಾಕಿಕೊಳ್ಳುವುದಿಲ್ಲ ಎಂದು ಅವಳು ಕಾಲೆಳೆದಳು. ಸಿಸ್ಟರ್ ಓಲೆಯನ್ನು ಮಾತ್ರ ಬಿಚ್ಚಿಡಲಿಲ್ಲ.

ಆಸ್ಪತ್ರೆಯಿಂದ ಆ ಒಂದೇ ಸ್ಥಾನಕ್ಕೆ ಇನ್ನೊಬ್ಬರೂ ಅರ್ಜಿ ಹಾಕಿದ್ದರು. ಮೂಳೆ ಡಾಕ್ಟರು. ವಯಸ್ಸಾದವರು ಜಾರಿ ಬೀಳದಂತೆ ತಡೆಯುವ ಹೊಸ ಚಪ್ಪಲಿಯ ಯೋಜನೆ ಅವರದು, ಒಳ್ಳೆಯದೇ. ಆರಿಸಬೇಕಾದವರು ಮೂವರು: ಆಸ್ಪತ್ರೆಯ ಮುಖ್ಯಸ್ಥರು, ಅಂಕಿಅಂಶ ವಿಭಾಗದ ಮೇಡಂ, ಮತ್ತು ಗ್ರಾಂಟ್ಸ್ ಆಫೀಸಿನ ಅವನು. ಮುಖ್ಯಸ್ಥರಿಗೆ ಚಪ್ಪಲಿಯ ಮೇಲೆ ಒಲವು, ಮೇಡಂಗೆ ಸಿಸ್ಟರ್ ಮೇಲೆ ಒಲವು ಎಂದು ಎಲ್ಲರಿಗೂ ಗೊತ್ತಿತ್ತು. ಅಲ್ಲಿಗೆ ಉಳಿದದ್ದು ಅವನ ಅಂಕ. ಸಿಸ್ಟರ್ ನೆಮ್ಮದಿಯಾಗಿದ್ದಳು.

ಆರಿಸುವ ದಿನ ಮಧ್ಯಾಹ್ನ ಸುದ್ದಿ ಬಂತು. ಅವನು ಅಂಕ ಕೊಡದೆ ಸಭೆಯಿಂದ ಎದ್ದು ಹೋಗಿದ್ದ. ಉಳಿದ ಇಬ್ಬರ ಅಂಕ ಕೂಡಿದಾಗ ಎರಡೂ ಅರ್ಜಿಗಳು ಸಮ. ನಾಳೆ ಹತ್ತು ಗಂಟೆಗೆ ಇಬ್ಬರು ಅರ್ಜಿದಾರರೂ ಬಂದು ಹತ್ತು ಹತ್ತು ನಿಮಿಷ ಮಾತಾಡಬೇಕು; ಆಮೇಲೆ ಮುಖ್ಯಸ್ಥರ ತೀರ್ಮಾನವೇ ಕೊನೆ.

ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಅವನ ಕೋಣೆಗೆ ನುಗ್ಗಿದಳು. ಅವನು ನಿಂತೇ ಇದ್ದ, ಅವಳು ಬರುವುದು ಗೊತ್ತಿದ್ದವನ ಹಾಗೆ.

"ಆರು ತಿಂಗಳು ಜೊತೆಗಿದ್ದು ಕೊನೇ ಗಳಿಗೇಲಿ ಕೈಕೊಟ್ರಿ. ಯಾಕೆ ಅಂತ ಒಂದು ಮಾತು ಹೇಳಿ, ಹೋಗ್ತೀನಿ."

"ತೀರ್ಮಾನ ಆಗೋವರೆಗೂ ಅರ್ಜಿದಾರರ ಜೊತೆ ನಾನು ಮಾತಾಡೋ ಹಾಗಿಲ್ಲ ಸಿಸ್ಟರ್."

"ಸರಿ ಬಿಡಿ. ನನ್ನ ಮುದುಕರಿಗೆ ನಾನೊಬ್ಬಳೇ ಸಾಕು."

ಅಷ್ಟು ಹೇಳಿ ನೇರ ಮನೆಗೆ ಬಂದಳು. ನಾಳೆಯ ಸಭೆಯ ವಿಷಯ ತಿಳಿದ ಅಕ್ಕ ಎದುರು ಕುರ್ಚಿಯಲ್ಲಿ ಕೂತು ಮುಖ್ಯಸ್ಥರ ಪಾತ್ರ ಮಾಡಿದಳು. ಸಿಸ್ಟರ್ ಗಡಿಯಾರ ಇಟ್ಟುಕೊಂಡು ಹತ್ತು ನಿಮಿಷದ ಮಾತನ್ನು ಏಳು ಸಲ ಒಪ್ಪಿಸಿದಳು. ಸೋತರೆ ಸೋಲಲಿ, ತಾನು ಸರಿಯಾಗಿ ಹೇಳದೆ ಮಾತ್ರ ಸೋಲಬಾರದು ಎಂದು ಪಟ್ಟು ಹಿಡಿದಳು.

ಬೆಳಗ್ಗೆ ಸಭೆಯ ಬಾಗಿಲ ಹೊರಗೆ ಮೂಳೆ ಡಾಕ್ಟರು ಆಗಲೇ ಕೂತಿದ್ದರು. ಅವಳನ್ನು ನೋಡಿ ಅವರ ಮುಖದಲ್ಲಿ ಎಂಥದೋ ತುಂಟ ಸಂಕೋಚ. ಇವತ್ತು ಮೇಲ್ ನೋಡಿದ್ದೀರಾ ಎಂದು ಕೇಳಿದರು. ಇಲ್ಲ ಎಂದಳು.

"ನೋಡಿಬಿಡಿ ಸಿಸ್ಟರ್. ನಾನು ಮೊದಲು ಒಳಗೆ ಹೋಗ್ತೀನಿ. ನಿಮಗೆ ಸ್ವಲ್ಪ ಸಮಯ ಬೇಕಾಗುತ್ತೆ."

ಸಮಿತಿಯಿಂದ ಯಾರಾದರೂ ಹಿಂದೆ ಸರಿದರೆ ಕಾರಣ ಬರೆದುಕೊಡಬೇಕು, ಅದರ ಪ್ರತಿ ಎಲ್ಲ ಅರ್ಜಿದಾರರಿಗೂ ಹೋಗಬೇಕು. ಇದು ಆಸ್ಪತ್ರೆಯ ನಿಯಮ. ಹಿಂದೊಮ್ಮೆ ಈ ನಿಯಮ ಬರೆದವನು ಸ್ವತಃ ಅವನೇ. ತನ್ನ ಸರದಿ ಬಂದಾಗ, ಪ್ರತಿ ಅರ್ಜಿದಾರರಿಗೂ ಹೋಗುತ್ತದೆ ಎಂಬುದನ್ನು ಗಡಿಬಿಡಿಯಲ್ಲಿ ಮರೆತಿದ್ದವನೂ ಅವನೇ. ಅವಳು ಫೋನಿನಲ್ಲಿ ತೆರೆದ ಆ ಫಾರಮ್ಮಿನಲ್ಲಿ ಎರಡು ಚೌಕಗಳಿದ್ದವು. 'ಹಣಕಾಸಿನ ಹಿತಾಸಕ್ತಿ' ಎಂಬುದರ ಮುಂದೆ ಇಲ್ಲ ಎಂದಿತ್ತು. 'ವೈಯಕ್ತಿಕ' ಎಂಬುದರ ಮುಂದೆ ಹೌದು. ವಿವರಿಸಿ ಎಂಬಲ್ಲಿ ಅವನ ನೆಟ್ಟನೆಯ ಅಕ್ಷರ:

'ಅರ್ಜಿದಾರರಲ್ಲಿ ಒಬ್ಬರಾದ ಸಿಸ್ಟರ್ ಅವರನ್ನು ನಾನು ಪ್ರೀತಿಸುತ್ತೇನೆ. ಇದು ಅವರಿಗೆ ತಿಳಿಯದು. ಅವರ ಅರ್ಜಿಗೆ ನಾನು ನೂರಕ್ಕೆ ನೂರು ಕೊಡುವವನಿದ್ದೇನೆ. ಆದ್ದರಿಂದ ನನ್ನ ಅಂಕಗಳನ್ನು ನಂಬುವಂತಿಲ್ಲ.'

ಅವಳು ಗೋಡೆಗೆ ಒರಗಿದಳು. ಇನ್ನೊಮ್ಮೆ ಓದಿದಳು. ನಗಬೇಕೋ, ಹೋಗಿ ಅವನ ತಲೆಗೆ ಫೈಲಿನಿಂದ ಬಡಿಯಬೇಕೋ ತಿಳಿಯಲಿಲ್ಲ. ತನಗಿಂತ ಮೊದಲು ಮೂಳೆ ಡಾಕ್ಟರಿಗೆ ಗೊತ್ತಾಗಿತ್ತು! ಅಷ್ಟರಲ್ಲಿ ಬಾಗಿಲು ತೆರೆಯಿತು, ಅವಳ ಸರದಿ ಬಂತು. ಫೋನನ್ನು ಬ್ಯಾಗಿಗೆ ಹಾಕಿ, ಸೆರಗು ಸರಿಪಡಿಸಿಕೊಂಡು ಒಳಗೆ ಹೋದಳು. ಈ ಹತ್ತು ನಿಮಿಷ ಮೂರನೇ ಮಂಚದವರದು, ತನ್ನದಲ್ಲ.

ಅವಳು ಎಲ್ಲಿಯೂ ತಡವರಿಸಲಿಲ್ಲ. ಮುಗಿದ ಮೇಲೆ ಮುಖ್ಯಸ್ಥರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಒಂದೇ ಅನುಮಾನ. ನಿಮ್ಮ ಪೇಷೆಂಟ್‌ಗಳ ಮೇಲೆ ನಿಮಗೆ ಮಮತೆ ಇದೆ. ಇಲ್ಲದ ನೋವೂ ನಿಮಗೆ ಕಾಣಬಹುದಲ್ಲ?"

"ಕಾಣಬಹುದು ಸಾರ್," ಎಂದಳು ಅವಳು. "ಮಮತೆ ಇದೆ ಅಂತಲೇ ನನ್ನ ಕಣ್ಣನ್ನ ನಾನು ಪೂರ್ತಿ ನಂಬಲ್ಲ. ಪ್ರತಿಯೊಬ್ಬರನ್ನೂ ಇಬ್ಬರು ಬೇರೆ ಬೇರೆಯಾಗಿ ನೋಡ್ತಾರೆ. ಅದರಲ್ಲಿ ಒಬ್ಬರಿಗೆ ಪೇಷೆಂಟ್ ಪರಿಚಯವೇ ಇರಲ್ಲ. ಇಬ್ಬರೂ ಕಂಡದ್ದನ್ನ ಮಾತ್ರ ನಾವು ನೋವು ಅಂತ ಬರೀತೀವಿ. ಪ್ರೀತಿ ಇರೋರು ಸ್ವಲ್ಪ ಪಕ್ಕಕ್ಕೆ ನಿಲ್ಲಬೇಕಾಗುತ್ತೆ. ಇಲ್ಲದಿದ್ರೆ ಆ ಕೆಲಸವನ್ನ ಯಾರೂ ನಂಬಲ್ಲ."

ಹೇಳಿದ ಮಾತು ಅವಳ ಕಿವಿಗೇ ಬಿತ್ತು. ನಿನ್ನೆ ಅವನು ಮಾಡಿದ್ದು ಇದೇ ಅಲ್ಲವೇ? ಅವಳ ಗೆಲುವಿನ ಮೇಲೆ ಯಾರೂ ಬೆರಳು ತೋರಿಸಬಾರದೆಂದು, ಅವಳ ಸಿಟ್ಟನ್ನು ಹೊತ್ತುಕೊಂಡು ಪಕ್ಕಕ್ಕೆ ಸರಿದಿದ್ದ. ಅಲ್ಲಿಯವರೆಗೆ ಉಳಿದಿದ್ದ ಅಷ್ಟಿಷ್ಟು ಕೋಪವೂ ಅಲ್ಲಿಗೆ ಕರಗಿಹೋಯಿತು. ಮೇಡಂ ತಲೆ ತಗ್ಗಿಸಿ ನಗುತ್ತಿದ್ದರು. ಮುಖ್ಯಸ್ಥರು ಪೆನ್ನು ತೆಗೆದು ಅವಳ ಅರ್ಜಿಯ ಮೇಲೆ ಸಹಿ ಹಾಕಿದರು.

ಎರಡನೇ ಮಹಡಿಯ ಕೋಣೆಯಲ್ಲಿ ಅವನು ಅವಳ ಕಾಗದಗಳನ್ನೆಲ್ಲ ಒಂದು ಫೈಲಿಗೆ ಸೇರಿಸಿ ದಾರ ಕಟ್ಟುತ್ತಿದ್ದ. ಫಾರಮ್ಮಿನ ಪ್ರತಿ ಎಲ್ಲರಿಗೂ ಹೋಗಿದೆ ಎಂದು ಅವನಿಗೂ ಆಗಷ್ಟೇ ತಿಳಿದಿತ್ತು, ಮುಖವೇ ಹೇಳುತ್ತಿತ್ತು.

"ನನ್ನ ಅರ್ಜೀನೇ ಕಳಿಸ್ತಾರಂತೆ," ಎಂದಳು ಅವಳು.

ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ. ಆಮೇಲೆ, ಮೊದಲೇ ಬಾಯಿಪಾಠ ಮಾಡಿಟ್ಟವನಂತೆ ಹೇಳಿದ:

"ಫಲಿತಾಂಶಕ್ಕೆ ನಾಲ್ಕು ತಿಂಗಳು ಹಿಡಿಯುತ್ತೆ. ಬರದೇ ಇದ್ರೆ ಬೇರೆ ಕಡೆ ಹಾಕ್ಬೇಕು. ನಿಮ್ಮ ಫೈಲು ಇನ್ನು ಮೇಡಂ ಹತ್ರ ಇರುತ್ತೆ. ನಾನು ಬರೆದದ್ದು ನಿಮಗೆ ಇಷ್ಟವಾಗ್ಲಿಲ್ಲ ಅಂದ್ರೆ ಹೇಳಿ, ಮರೆತುಬಿಡೋಣ. ಆಗ ಫೈಲನ್ನ ವಾಪಸು ತರಿಸಿಕೊಂಡು ಮೊದಲಿನ ಹಾಗೇ ಕೆಲಸ ಮಾಡ್ತೀನಿ. ಇಷ್ಟ ಅಂದ್ರೆ... ಫೈಲು ಮೇಡಂ ಹತ್ರಾನೇ ಉಳಿಯುತ್ತೆ, ನಿಮ್ಮ ಯಾವ ಅರ್ಜಿಯನ್ನೂ ನಾನು ಇನ್ಯಾವತ್ತೂ ಮುಟ್ಟೋ ಹಾಗಿಲ್ಲ. ಒಂದು ಸಾಲೂ ತಿದ್ದೋ ಹಾಗಿಲ್ಲ. ನಿಮಗೆ ನಷ್ಟ. ಯೋಚನೆ ಮಾಡಿ ಹೇಳಿ."

ಅವಳು ಬ್ಯಾಗಿನಿಂದ ಪುಸ್ತಕ ತೆಗೆದಳು. ಗೋಡೆಯ ಬೋರ್ಡಿನ ಮುಂದೆ ನಿಂತು ಒಂದೊಂದೇ ಗ್ರಾಂಟಿನ ಹೆಸರು, ಷರತ್ತು, ತಾರೀಖು ಬರೆದುಕೊಳ್ಳತೊಡಗಿದಳು. ಹದಿನೇಳು ಇದ್ದವು. ಎಲ್ಲ ಮುಗಿದ ಮೇಲೆ ಪೆನ್ನಿನ ಮುಚ್ಚಳ ಹಾಕಿ ಅವನತ್ತ ತಿರುಗಿದಳು.

"ಎಲ್ಲಾ ಬರ್ಕೊಂಡೆ. ಹುಡುಕೋದು ಕಲ್ತಿದ್ದೀನಿ, ಬರೆಯೋದೂ ಕಲ್ತಿದ್ದೀನಿ. ಇದು ಬರದಿದ್ರೆ ಇನ್ನೊಂದು, ಅದೂ ಬರದಿದ್ರೆ ಮತ್ತೊಂದು. ಹದಿನೇಳಕ್ಕೂ ನಾನೇ ಬರೀತೀನಿ."

ಅವನ ಮುಖ ಸಣ್ಣಗಾಯಿತು. ಬೇಡ ಎನ್ನುವುದನ್ನು ಇಷ್ಟು ಮರ್ಯಾದೆಯಾಗಿ ಹೇಳುತ್ತಿದ್ದಾಳೆ ಎಂದುಕೊಂಡು ತಲೆಯಾಡಿಸಿದ. ಅವಳು ಹತ್ತಿರ ಬಂದು, ದಾರ ಕಟ್ಟಿದ ಫೈಲನ್ನು ಅವನ ಕೈಯಿಂದ ಬಿಡಿಸಿ ಎತ್ತಿಕೊಂಡಳು.

"ಇದನ್ನ ನಾನೇ ಕೊಟ್ಟು ಬರ್ತೀನಿ," ಎಂದಳು. "ಇನ್ಮೇಲೆ ಯಾವತ್ತೂ ಮೇಡಂ ಹತ್ರಾನೇ ಇರಲಿ."