ಅಕ್ಕನಿಗೆ ಬಂದ ಪತ್ರ

“ಇಲ್ಲೇ ಇಟ್ಟಿದ್ದೆ ಅಪ್ಪಾ! ಅದಕ್ಕೇನು ರೆಕ್ಕೆ ಬಂತಾ?”

ಅಕ್ಕ ಕಪಾಟಿನ ಬಟ್ಟೆಗಳನ್ನೆಲ್ಲ ನೆಲಕ್ಕೆ ಸುರಿದಿದ್ದಳು. ಅಪ್ಪ ಹಾಸಿಗೆ ಎತ್ತಿ ನೋಡುತ್ತಿದ್ದರು. ಕುಳ್ಳಗಿದ್ದಾಳೆಂದು ಎಲ್ಲರೂ ಚೋಟು ಎಂದು ಕರೆಯುವ ತಂಗಿ ಮಾತ್ರ ಸ್ಕೂಲ್ ಬ್ಯಾಗನ್ನು ಎದೆಗವುಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ನಾಳೆ ಲೆಟರ್ ತೋರಿಸದಿದ್ರೆ ಸೀಟು ಬೇರೆಯವರ ಪಾಲು.” ಅಕ್ಕ ಬಟ್ಟೆಗಳನ್ನು ಒಂದೊಂದಾಗಿ ಮತ್ತೆ ಕೊಡವಿದಳು.

ಅದು ಮೆಡಿಕಲ್ ಕಾಲೇಜಿನ ಪತ್ರ. ಡಾಕ್ಟರಿಲ್ಲದ ಊರುಗಳಿಗಾಗಿ ಸರ್ಕಾರವೇ ಖರ್ಚು ಕೊಟ್ಟು ಓದಿಸುತ್ತದೆ. ಓದು ಮುಗಿದ ಮೇಲೆ ಸರ್ಕಾರ ಹೇಳಿದ ಊರಿನಲ್ಲಿ ಕೆಲಸ ಮಾಡಬೇಕು. ಆ ಪತ್ರ ಈಗ ಚೋಟುವಿನ ಗಣಿತದ ಪುಸ್ತಕದೊಳಗಿತ್ತು. ಅಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅಕ್ಕನೂ ಹೊರಟುಹೋದರೆ?

ಚೋಟು ಬ್ಯಾಗನ್ನು ಹೆಗಲಿಗೇರಿಸಿ ಶಾಲೆಗೆ ಹೊರಟಳು.

ದಾರಿಯಲ್ಲೇ ಆಸ್ಪತ್ರೆ. ಮೆಟ್ಟಿಲ ಮೇಲೆ ಹೆಂಗಸೊಬ್ಬಳು ಮಗು ಎತ್ತಿಕೊಂಡು ನರ್ಸಮ್ಮನ ಎದುರು ನಿಂತಿದ್ದಳು. ಮಗು ಅಳುತ್ತಲೂ ಇರಲಿಲ್ಲ. ಅವಳ ಭುಜಕ್ಕೆ ಸುಮ್ಮನೆ ಜೋತುಬಿದ್ದಿತ್ತು.

“ಡಾಕ್ಟರ್ ಬರೋದು ಸೋಮವಾರ ಕಣಮ್ಮ. ತಡಮಾಡಬೇಡ, ದೊಡ್ಡಾಸ್ಪತ್ರೆಗೆ ಕರ್ಕೊಂಡ್ ಹೋಗು,” ಎಂದರು ನರ್ಸಮ್ಮ.

“ಎರಡು ಗಂಟೆ ದಾರಿ, ಸಿಸ್ಟರ್...”

“ಗೊತ್ತು. ನಾನೇನ್ ಮಾಡ್ಲಿ ಹೇಳು?”

ಅಮ್ಮನನ್ನು ಕರೆತಂದ ದಿನವೂ ನರ್ಸಮ್ಮ ಹೀಗೇ ಹೇಳಿದ್ದರು. ಅವತ್ತು ವ್ಯಾನಿನಲ್ಲಿ ಅಮ್ಮನ ಕಾಲು ಚೋಟುವಿನ ತೊಡೆಯ ಮೇಲಿತ್ತು. ಅರ್ಧ ದಾರಿಯಲ್ಲಿ ಅಪ್ಪ ಡ್ರೈವರಿಗೆ, “ಇನ್ನು ನಿಧಾನಕ್ಕೆ ಹೋಗಪ್ಪ,” ಎಂದಿದ್ದರು.

ಹೆಂಗಸು ಮಗುವಿಗೆ ಸೆರಗು ಹೊದಿಸಿ ಬಸ್ಸಿನ ಕಡೆ ಓಡಿದಳು. ಚೋಟು ಮನೆಯ ಕಡೆ ಓಡಿದಳು.

ಪತ್ರ ನೋಡಿ ಅಕ್ಕ ಬೈಯಲಿಲ್ಲ. ತಂಗಿಯನ್ನು ಎಳೆದು ತಬ್ಬಿಕೊಂಡಳು.

“ಓದಿದ್ಮೇಲೆ ನಮ್ಮೂರಿಗೇ ಬರ್ತೀಯಲ್ವಾ ಅಕ್ಕಾ?”

“ಎಲ್ಲಿಗೆ ಹಾಕ್ತಾರೋ ಗೊತ್ತಿಲ್ಲ ಕಣೇ.”

“ಅಲ್ಲೂ ಡಾಕ್ಟರ್ ಇರಲ್ವಾ?”

“ಇರಲ್ಲ. ಅದಕ್ಕೇ ತಾನೇ ಕಳಿಸೋದು?”

ಚೋಟು ಮೂಗೊರೆಸಿಕೊಂಡಳು. ಆಮೇಲೆ ಕೇಳಿದಳು: “ಅಲ್ಲೂ ಯಾರದೋ ಅಮ್ಮ ಇರ್ತಾರೆ, ಅಲ್ವಾ?”

ಅಕ್ಕ ಹೌದೆಂದು ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಅಕ್ಕ ಜಡೆ ಹಾಕಲು ಕರೆದಳು.

“ಬೇಡ, ನಿಂಗೆ ಬಸ್ ತಪ್ಪುತ್ತೆ,” ಎಂದಳು ಚೋಟು. ಕನ್ನಡಿಯ ಮುಂದೆ ನಿಂತು ತಾನೇ ಹೆಣೆದುಕೊಂಡಳು. ಜಡೆ ಸೊಟ್ಟಗಾಯಿತು. ಬಿಚ್ಚಿ, ಮತ್ತೆ ಮೊದಲಿನಿಂದ ಶುರುಮಾಡಿದಳು.