ಹಿಂದಕ್ಕೆ ಬಿಡಬಾರದ ಟ್ರೈಲರು

“ನಿಮ್ಮನೇಲಿ ಯಾರಾದ್ರೂ ತೀರ್ಕಂಡವ್ರಾ ಸ್ವಾಮಿ? ಈಗ್ಗೆ ಎಲ್ಡು ಮೂರು ವರ್ಸದೊಳಗೆ?”

ಟ್ರೈಲರು ಕೊಳ್ಳಲು ಬಂದವನನ್ನು ಮರಿಮಲ್ಲಪ್ಪ ಮೊದಲು ಕೇಳಿದ್ದು ಈ ಮಾತು. ಹಂಗಳದಾಚೆ ಕಾಡಿನ ಅಂಚಿನಲ್ಲಿದ್ದ ಅವನ ಹೊಲದಲ್ಲಿ ಬಿಸಿಲು ಆಗಲೇ ಇಳಿದಿತ್ತು. ಸೂರ್ಯ ಗೋಪಾಲಸ್ವಾಮಿ ಬೆಟ್ಟದ ಹಿಂದಕ್ಕೆ ಸರಿದಿದ್ದ. ದೂರದ ಹೆದ್ದಾರಿಯಲ್ಲಿ ಬಂಡೀಪುರದ ಗೇಟು ಮುಚ್ಚುವ ಮೊದಲು ಕಾಡು ದಾಟಬೇಕೆಂದು ಲಾರಿಗಳು ಒಂದರ ಹಿಂದೊಂದು ಓಡುತ್ತಿದ್ದವು.

ಬಸವಪ್ರಸಾದ ನಕ್ಕ. “ಟ್ರೈಲರಿಗೂ ಅದಕ್ಕೂ ಏನು ಯಜಮಾನ್ರೇ ಸಂಬಂಧ? ಯಾರೂ ಇಲ್ಲ.”

“ಆ?” ಮುದುಕ ಕಿವಿಯ ಹಿಂದೆ ಕೈಯಿಟ್ಟುಕೊಂಡ. ಅವನ ಕಿವಿ ತೀರ ಮಂದ. ಹತ್ತಿರ ನಿಂತು ಕೂಗಿದರೆ ಅಷ್ಟಿಷ್ಟು ಕೇಳುತ್ತಿತ್ತು.

“ಯಾರೂ ಸತ್ತಿಲ್ಲ!” ಎಂದು ಬಸವಪ್ರಸಾದ ಗಂಟಲೆತ್ತಿ ಕೂಗಿದ. ಎದುರಿನ ಕೊಟ್ಟಿಗೆಯ ಕತ್ತಲು ಆ ಮಾತನ್ನು ಒಳಗೆಳೆದುಕೊಂಡು ತಿರುಗಿ ಕೊಟ್ಟಿತು: ಸತ್ತಿಲ್ಲ.

ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕುಳಿತಿದ್ದ ಅವನ ಹೆಂಡತಿ ನಾಗರತ್ನ ಗಂಡನ ಮುಖವನ್ನು ಒಂದು ಸಲ ನೋಡಿದಳು. ಅವರ ಒಬ್ಬಳೇ ಮಗಳು ಮಾನಸ ಹೋದ ಶ್ರಾವಣದಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಅಂಗೈಯಲ್ಲಿ ಲಿಂಗವನ್ನಿಟ್ಟು, ಮೈತುಂಬ ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡಿ ಬಂದಿದ್ದರು. ಆಮೇಲೆ ಚಾಮರಾಜನಗರದ ಆ ಮನೆಯಲ್ಲಿ ಇರಲಾಗಲಿಲ್ಲ. ಗುಂಡ್ಲುಪೇಟೆಗೆ ಬಂದು ಬಾಡಿಗೆ ಮನೆ ಹಿಡಿದರು. ಸುತ್ತಲಿನ ರೈತರ ಹೊಲಗಳಲ್ಲಿ ಅರಿಸಿನ ಬೇಯಿಸಿಕೊಡುವುದು ಬಸವಪ್ರಸಾದನ ಕಸುಬು. ಬಾಯ್ಲರು ಇತ್ತು, ಟ್ರ್ಯಾಕ್ಟರು ಇತ್ತು. ಬಾಯ್ಲರನ್ನು ಹೊಲದಿಂದ ಹೊಲಕ್ಕೆ ಸಾಗಿಸಲು ಟ್ರೈಲರು ಮಾತ್ರ ಇರಲಿಲ್ಲ. ಅರಿಸಿನ ಕೀಳುವ ಕಾಲ ಶುರುವಾಗಿಬಿಟ್ಟಿತ್ತು.

“ಅಂಗಾದ್ರೆ ತಕ್ಕೊಳಿ” ಎಂದ ಮರಿಮಲ್ಲಪ್ಪ. “ಇನ್ನೊಂದು ಮಾತು. ಇದ್ನ ಹಿಂದಕ್ಕೆ ಮಾತ್ರ ಬುಡಬ್ಯಾಡಿ. ಎದುರ್ಗಡೀಕೇ ಎಳ್ಕಂಡೋಗಿ.”

“ಹಿಂದಕ್ಕೆ ಬಿಡದೆ ಶೆಡ್ಡಿಗೆ ಹೆಂಗ್ರೀ ಹಾಕೋದು? ತಲೆ ಮೇಲೆ ಹೊತ್ಕೊಂಡು ಹೋಗ್ಲಾ?”

ಮುದುಕನಿಗೆ ಅದು ಕೇಳಿಸಿತೋ ಇಲ್ಲವೋ. ಅವನು ನಗಲಿಲ್ಲ.

ಬಸವಪ್ರಸಾದ ಟಾರ್ಚು ಹಿಡಿದು ಕೊಟ್ಟಿಗೆಯೊಳಕ್ಕೆ ಹೋದ. ಒಳಗೆ ಹಳೆಯ ಅರಿಸಿನದ ಘಾಟು, ತುಕ್ಕಿನ ವಾಸನೆ, ಇಲಿಯ ವಾಸನೆ. ಟ್ರೈಲರು ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು. ಕಾರ್ಖಾನೆಯದಲ್ಲ, ಮನೆಯಲ್ಲೇ ಮಾಡಿದ್ದು. ಹಳೆಯ ಜೀಪಿನ ಅಚ್ಚು, ಎಲ್ಲಿಂದಲೋ ತಂದ ಕಬ್ಬಿಣದ ಚಾನಲ್ಲು, ಆಳೆತ್ತರದ ತಗಡಿನ ಪಕ್ಕೆಗಳು. ಟೈರು ಸವೆದಿದ್ದವು. ಆದರೆ ವೆಲ್ಡಿಂಗ್ ನೋಡಿ ಬಸವಪ್ರಸಾದ ಬೆರಳಾಡಿಸಿ ತಲೆದೂಗಿದ. ಹೊಲಿಗೆ ಹಾಕಿದ ಹಾಗೆ ಒಂದೇ ಸಮ ಇತ್ತು.

“ಯಾರು ಮಾಡಿದ್ದು ಇದು?” ಎಂದು ಕೂಗಿ ಕೇಳಿದ.

“ನನ್ ಮಗ. ಮಾದೇಸ.” ಮುದುಕ ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದ್ದ. “ಇಲ್ಲೇ ಒಂದಿನ ಡ್ರೈವರು ಇದ್ನ ಹಿಂದಕ್ಕೆ ಬುಡ್ತಿದ್ದ. ಇವ್ನು ಆ ಗ್ವಾಡೆ ತಾವ ನಿಂತ್ಕಂಡು ಬರ್ಲಿ, ಬರ್ಲಿ ಅಂತಿದ್ದ. ಬರ್ಲಿ ಅಂದದ್ದು ಡ್ರೈವರ್ಗೆ ಕೇಳುಸ್ತು. ಸಾಕು ಅಂದದ್ದು ಕೇಳುಸ್ನಿಲ್ಲ.”

ಬಸವಪ್ರಸಾದನ ಕೈ ತಗಡಿನ ಮೇಲಿಂದ ತಾನಾಗಿ ಹಿಂದಕ್ಕೆ ಬಂತು.

“ನಮ್ಮೋಳು, ದೊಡ್ಡಮಲ್ಲಮ್ಮ, ಸುಮ್ಕಿರ್ನಿಲ್ಲ. ಪುಣಜನೂರಿಂದಾಚೆ ಕಾಡೊಳಗೆ ಒಬ್ಬ ಮಾಟಗಾರ ಅವ್ನೆ ಅಂತ ಕೇಳ್ಕಂಡೋದ್ಲು. ನನ್ ಮಗನ ದನಿ ಕೇಳುಸ್ಬುಡಪ್ಪ, ಅಷ್ಟೇ ಸಾಕು ಅಂದ್ಲಂತೆ. ನಿನ್ ಮಗ ಕೊನೇಲಿ ಏನಂದ, ಅಂದ ಅವ. ಬರ್ಲಿ ಅಂದ, ಅಂದ್ಲು. ಆ ಮಾತ್ನ ಈ ಟ್ರೈಲರ್ಗೆ ಕಟ್ಬುಟ್ಟ. ಸಾಕು ಅನ್ನಾದ ಯಾರೂ ಕೇಳ್ನಿಲ್ವಲ್ಲ, ಅದ ಕಟ್ಟಾಕಾಗ್ನಿಲ್ಲ. ಗಂಟ್ಲ ಕಟ್ಟಾಕೂ ಆಗ್ನಿಲ್ಲ. ಮಾತದೆ, ಗಂಟ್ಲಿಲ್ಲ. ಮುಂದ್ ನಿಂತೋರ ಮನೇಲಿ ಯಾರು ಸತ್ತವ್ರೋ ಅವ್ರ ಗಂಟ್ಲ ಇಸ್ಕತದೆ.”

“ಅಮ್ಮ ಈಗೆಲ್ಲಿದ್ದಾರೆ?” ಎಂದಳು ನಾಗರತ್ನ. ಸಂಜೆಯಿಂದ ಅವಳಾಡಿದ ಮೊದಲ ಮಾತು ಅದು.

ಮುದುಕ ಅವಳ ತುಟಿಯನ್ನು ನೋಡಿ ತಿಳಿದುಕೊಂಡ. “ಮಗ ಕರೀತಾವ್ನೆ ಅಂತ ಅವ್ಳೂ ಅದೇ ಗ್ವಾಡೆ ತಾವ ಹೋಗಿ ನಿಂತ್ಕಂಡ್ಲು ಕಣವ್ವ. ಡ್ರೈವರು ಬುಟ್ಟ, ಟ್ರೈಲರು ಹಿಂದಕ್ಕೆ ಬಂತು. ನಂಗೆ ಕಿವಿ ಕೇಳದು. ಅದ್ಕೇ ಉಳ್ದಿವ್ನಿ.”

“ಗುಜರಿಗೆ ಹಾಕ್ಬಹುದಿತ್ತಲ್ಲ?” ಎಂದು ಬಸವಪ್ರಸಾದ ಕೂಗಿದ.

“ನನ್ ಮಗ ಮಾಡಿದ್ದು ಕಣಪ್ಪ.”

ಮಗಳ ಜ್ವರಕ್ಕೆ ಬಸವಪ್ರಸಾದ ಕಟ್ಟಿಸದ ತಾಯತವಿರಲಿಲ್ಲ, ಹೊರದ ಹರಕೆಯಿರಲಿಲ್ಲ. ಅವಳು ಹೋದ ದಿನದಿಂದ ಹಣೆಗೆ ವಿಭೂತಿ ಇಡುವುದನ್ನು ಬಿಟ್ಟಿದ್ದ. ತನಗೆ ಯಾವುದರಲ್ಲಿಯೂ ನಂಬಿಕೆಯಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದ. ನಿಜವಾಗಿ ಅವನಿಗಿದ್ದದ್ದು ಶಿವನ ಮೇಲೆ ಸಿಟ್ಟು.

ಅವನು ಬಗ್ಗಿ ಟ್ರೈಲರಿನ ಅಡಿಗೆ ಟಾರ್ಚು ಬಿಟ್ಟ. ಅಚ್ಚಿನ ಪಕ್ಕದಲ್ಲಿ ಬೆರಳುದ್ದದ ತಾಮ್ರದ ಕೊಳವೆಯೊಂದನ್ನು ತಂತಿಯಿಂದ ಬಿಗಿದಿದ್ದರು. ಬಾಯಿಗೆ ಅರಗಿನ ಮುದ್ರೆ.

“ಓಹೋ, ಯಂತ್ರ ಇಲ್ಲೇ ಇದೆ! ಇದೂ ಸೇರಿ ರೇಟಾ ಯಜಮಾನ್ರೇ?” ಎನ್ನುತ್ತ ಸ್ಕ್ರೂಡ್ರೈವರು ತೆಗೆದು ಅರಗನ್ನು ಮೀಟಿದ. ಅರಗು ಬಿರಿದು ಕೆಳಕ್ಕೆ ಬಿತ್ತು. ಮಣಿಕಟ್ಟಿನ ಮೇಲೆ ಯಾರೋ ತಣ್ಣಗೆ ಉಸಿರುಬಿಟ್ಟ ಹಾಗಾಯಿತು. ಅಷ್ಟೇ.

ಹೊರಗೆ, ಟ್ರ್ಯಾಕ್ಟರಿನಿಂದ ಇಳಿದು ಹುಣಸೆಮರದ ಕೆಳಗೆ ಕುಳಿತಿದ್ದ ನಾಗರತ್ನ ತಲೆಯೆತ್ತಿದಳು. “ಎಣ್ಣೆ ವಾಸನೆ ಬರ್ತಿದೆ” ಎಂದಳು. “ತಲೆಗೆ ಹಚ್ಚೋ ಎಣ್ಣೆ.”

“ಗ್ರೀಸಿರ್ಬೇಕು ಕಣೇ” ಎಂದ ಗಂಡ.

ಟ್ರ್ಯಾಕ್ಟರಿಗೆ ಟ್ರೈಲರನ್ನು ಸಿಕ್ಕಿಸಿ ಹೊರಕ್ಕೆ ಎಳೆದ. ಸಲೀಸಾಗಿ ಬಂತು. ಕಣದಲ್ಲಿ ಒಂದು ಸುತ್ತು ಹೊಡೆದ. ಎಲ್ಲೂ ಎಳೆತವಿಲ್ಲ, ಕಿರುಗುಟ್ಟುವಿಕೆಯಿಲ್ಲ. ಇಂಥ ಟ್ರೈಲರು ಈ ಬೆಲೆಗೆ ಇನ್ನೆಲ್ಲೂ ಸಿಗದು. ಒಂದೇ ಅನುಮಾನ ಉಳಿದಿತ್ತು, ಹಿಂದಕ್ಕೆ ಬಿಟ್ಟಾಗ ನೇರವಾಗಿ ಹೋಗುತ್ತದೋ ಇಲ್ಲವೋ. ಅದನ್ನು ನೋಡದೆ ಟ್ರೈಲರು ಕೊಳ್ಳುವುದುಂಟೆ? ಮುದುಕ ಎರಡೂ ಕೈಯೆತ್ತಿ ಬೇಡ ಬೇಡ ಎನ್ನುತ್ತಿದ್ದ. ಬಸವಪ್ರಸಾದ ಅವನಿಗೆ ಕೈಮುಗಿಯುವ ಹಾಗೆ ಅಣಕಿಸಿ ರಿವರ್ಸ್ ಗೇರಿಗೆ ಹಾಕಿದ.

ನಾಗರತ್ನ ಹುಣಸೆಮರದ ಕೆಳಗೆ ಕುಳಿತಿದ್ದಾಳೆಂದು ಅವನು ತಿಳಿದಿದ್ದ. ಅವಳು ಅಲ್ಲಿರಲಿಲ್ಲ.

ಟ್ರೈಲರಿನ ಹಿಂಭಾಗ ಕೊಟ್ಟಿಗೆಯ ಕತ್ತಲಿಗೆ ಹೊಕ್ಕಿತು. ಎತ್ತರದ ತಗಡಿನಿಂದಾಗಿ ಹಿಂದೆ ಏನೂ ಕಾಣುತ್ತಿರಲಿಲ್ಲ.

ಟಕ್, ಟಕ್.

ತಗಡಿನ ಮೇಲೆ ಅಂಗೈಯಿಂದ ತಟ್ಟಿದ ಸದ್ದು. ಕಬ್ಬಿಣದ ಮೂಲಕ ಅದು ಸೀಟಿನವರೆಗೂ ಹರಿದು ಬಂತು.

“ಬರ್ಲೀ…”

ಚಾಮರಾಜನಗರದ ಮನೆಯಲ್ಲಿ ಗಾಡಿಯನ್ನು ಹಿಂದಕ್ಕೆ ಬಿಡುವಾಗಲೆಲ್ಲ ಮಾನಸ ಓಡಿ ಬಂದು ಹಿಂದೆ ನಿಲ್ಲುತ್ತಿದ್ದಳು. ಎರಡು ಸಲ ತಟ್ಟಿ, ಕೊನೆಯನ್ನು ಎಳೆದು, ಬರ್ಲೀ ಎನ್ನುತ್ತಿದ್ದಳು. ಗೋಡೆ ಹತ್ತಿರವಾದಾಗ ಒಂದೇ ಒಂದು ದೊಡ್ಡ ಏಟು ಕೊಟ್ಟು, ಸಾಕಪ್ಪಾ ಎಂದು ಕೂಗಿ ನಗುತ್ತಿದ್ದಳು.

ಟಕ್, ಟಕ್. “ಬರ್ಲೀ…”

ಅವಳೇ. ಮೂಗು ಕಟ್ಟಿದಂತಿರುವ ಅದೇ ದನಿ. ಬಸವಪ್ರಸಾದನ ಕಣ್ಣು ತುಂಬಿ ಬಂತು. ಕ್ಲಚ್ಚಿನ ಮೇಲಿನ ಕಾಲು ತಾನಾಗಿ ಸಡಿಲವಾಯಿತು. ಬರ್ತಿದೀನಿ ಮಗಳೇ, ಬರ್ತಿದೀನಿ. ಈಗ ಸಾಕಪ್ಪಾ ಅನ್ನುತ್ತಾಳೆ. ಈಗ. ಇನ್ನೊಂದು ಗೇಣು. ಈಗ.

ಟಕ್, ಟಕ್.

ಅನ್ನಲಿಲ್ಲ. ಈಗ ಎರಡು ದನಿಗಳಿದ್ದವು. ಒಂದು ಮಗಳದು. ಅದರ ಜೊತೆಗೆ ಇನ್ನೊಂದು, ಹೆಂಗಸಿನದು, ಜೋಗುಳದ ಹಾಗೆ ಮೆತ್ತಗೆ. ಬರ್ಲಿ, ಬರ್ಲಿ. ಅದು ಯಾರೆಂದು ಕೇಳಿಕೊಳ್ಳಲೂ ಅವನಿಗೆ ಮನಸ್ಸಿರಲಿಲ್ಲ. ಕತ್ತಲು ಹತ್ತಿರ ಬಂತು. ಎಣ್ಣೆಯ ವಾಸನೆ. ಮಗಳ ಎರಡು ಜಡೆಯ ವಾಸನೆ. ಇನ್ನೊಂದು ಚೂರು. ಅನ್ನು ಮಗಳೇ. ಸಾಕು ಅನ್ನು.

ಮರಿಮಲ್ಲಪ್ಪನಿಗೆ ಏನೂ ಕೇಳಿಸಲಿಲ್ಲ. ಅವನಿಗೆ ಕಂಡದ್ದು ಇಷ್ಟೇ: ಗೋಡೆಗೆ ಬೆನ್ನು ಕೊಟ್ಟು ನಿಂತ ಒಬ್ಬ ತಾಯಿ, ಅವಳ ಕಡೆಗೆ ಸರಿಯುತ್ತಿರುವ ತಗಡು. ಬಾಗಿಲ ಬಳಿಯಿದ್ದ ಗುಂಡುಕಲ್ಲನ್ನು ಎತ್ತಿಕೊಂಡು ನುಗ್ಗಿದ. ಚಕ್ರದ ಹಿಂದಕ್ಕೆ ಒತ್ತಿದ. ಕೈ ತೆಗೆಯಲು ಆಗಲಿಲ್ಲ.

“ಸಾಕು! ಸಾಕು ಕಣ್ಲಾ ಮಾದೇಸಾ! ಸಾಕು!”

ಚಕ್ರ ಕಲ್ಲಿಗೆ ತಗುಲಿತು. ಟ್ರ್ಯಾಕ್ಟರು ಒಮ್ಮೆ ಅದುರಿ ಆಫಾಯಿತು. ತಟ್ಟುವ ಸದ್ದು ನಿಂತಿತು.

ಬಸವಪ್ರಸಾದ ಇಳಿದು ಓಡಿದ. ಮುದುಕನ ಕೈ ಸಿಕ್ಕಿಕೊಂಡದ್ದನ್ನು ಕಂಡು ತಿರುಗಿ ಹತ್ತಿ, ಟ್ರ್ಯಾಕ್ಟರನ್ನು ಒಂದು ಗೇಣು ಮುಂದಕ್ಕೆ ಬಿಟ್ಟು ಕೈ ಬಿಡಿಸಿದ. ಆಮೇಲೆ ಹಿಂದೆ ಹೋಗಿ ಟಾರ್ಚು ಬಿಟ್ಟ. ಗೋಡೆಗೂ ತಗಡಿಗೂ ನಡುವೆ ನಾಗರತ್ನ ನಿಂತಿದ್ದಳು. ಅವಳ ಮುಖ ಬೆಳಗುತ್ತಿತ್ತು. ಶ್ರಾವಣದಿಂದ ಈಚೆಗೆ ಆ ಮುಖದಲ್ಲಿ ಅಂಥ ಸಂತೋಷವನ್ನು ಅವನು ಕಂಡಿರಲಿಲ್ಲ. ಅವನನ್ನು ನೋಡಿದೊಡನೆ ಅದು ಆರಿಹೋಯಿತು.

“ಯಾಕ್ರೀ ನಿಲ್ಸಿದ್ರಿ?” ಎಂದಳು. “ಇನ್ನೊಂದು ಚೂರು ಬಂದಿದ್ರೆ ಸಾಕಪ್ಪಾ ಅಂತಿದ್ಲು.”

ಅವನು ಅವಳನ್ನು ಹಿಡಿದು ಹೊರಗೆ ತಂದ. ಮರಿಮಲ್ಲಪ್ಪ ನೆಲದ ಮೇಲೆ ಕುಳಿತು ಕೈಗೆ ಟವೆಲು ಸುತ್ತಿಕೊಳ್ಳುತ್ತಿದ್ದ. ಟವೆಲು ಕೆಂಪಾಗುತ್ತಿತ್ತು. ಅವನು ಅದನ್ನು ನೋಡಿಕೊಳ್ಳಲಿಲ್ಲ.

“ಯಾರ್ ಗಂಟ್ಲು ಕೇಳುಸ್ತು?” ಎಂದು ಕೇಳಿದ.

ಬಸವಪ್ರಸಾದ ತುಟಿಯಲ್ಲೇ ಹೇಳಿದ. ಮುದುಕ ಕಿವಿಯ ಹಿಂದೆ ಗಾಯವಾಗದ ಕೈಯನ್ನಿಟ್ಟುಕೊಂಡ. “ಆ?”

“ನನ್ನ ಮಗಳು!” ಎಂದು ಕೂಗಿದ. “ಮಾನಸ! ನನ್ನ ಮಗಳು ಸತ್ತುಹೋದ್ಲು!” ಆ ಮಾತನ್ನು ಅವನು ಇದುವರೆಗೆ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಕೊಟ್ಟಿಗೆ ಈಗ ಅದನ್ನು ತಿರುಗಿ ಕೊಡಲಿಲ್ಲ.

ಮುದುಕ ಅವನನ್ನು, ಸುಳ್ಳು ಹೇಳಿದೆಯಲ್ಲ ಎಂದು ಕೇಳಲಿಲ್ಲ. “ನಮ್ ಮಾದೇಸಂದು ಒಂದ್ ಚೂರೂ ಕೇಳುಸ್ನಿಲ್ವಾ?” ಎಂದ.

ಬಸವಪ್ರಸಾದ ಇಲ್ಲವೆಂದು ತಲೆಯಾಡಿಸಿದ.

ಟ್ರೈಲರನ್ನು ಕಳಚಿ ಅಲ್ಲೇ ಬಿಟ್ಟು ಮುದುಕನನ್ನು ಗುಂಡ್ಲುಪೇಟೆಯ ಆಸ್ಪತ್ರೆಗೆ ಕರೆತಂದರು. ದಾರಿಯುದ್ದಕ್ಕೂ ನಾಗರತ್ನ ಒಂದೇ ಮಾತು ಹೇಳುತ್ತಿದ್ದಳು. “ಅದನ್ನ ತಗೊಳ್ಳಿ. ಏನಾದ್ರೂ ಮಾಡಿ ತಗೊಳ್ಳಿ.” ಅವನು ಆಗುವುದಿಲ್ಲ ಎಂದ. ಅವಳ ಕೈ ಹಿಡಿದುಕೊಂಡೇ ಹೇಳಿದ.

ಮರಿಮಲ್ಲಪ್ಪನ ಎರಡು ಬೆರಳು ಹೋದವು. ಗಾಯ ಮಾಯ್ದ ಮೇಲೆ ಅವನು ಮಗ ಮಾಡಿದ ಟ್ರೈಲರನ್ನು ತಾನೇ ನಿಂತು ತುಂಡು ತುಂಡಾಗಿ ಕಡಿಸಿಹಾಕಿದ. ಕೊಳವೆಯನ್ನು ಬಿಚ್ಚಿ ನೋಡಿದರೆ ಒಳಗೆ ಏನೂ ಇರಲಿಲ್ಲವಂತೆ. ಅರಗು ಮೀಟಿದಾಗಲೇ ಹೋಗಿದೆ, ಎತ್ತ ಹೋಯಿತೋ ನೋಡಿಕೊಳ್ಳಿ ಎಂದು ಹೇಳಿಕಳಿಸಿದ.

ಬಸವಪ್ರಸಾದನಿಗೆ ಅಷ್ಟು ಹೊತ್ತಿಗೆ ತಿಳಿದಿತ್ತು. ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಅವನು ಮನೆಯ ಹಿಂದಿನ ಶೆಡ್ಡಿಗೆ ಟ್ರ್ಯಾಕ್ಟರನ್ನು ಹಿಂದಕ್ಕೆ ಬಿಡುತ್ತಿದ್ದ. ಟಕ್, ಟಕ್ ಎಂದಿತು. ತಿರುಗಿ ನೋಡಿದ. ನಾಗರತ್ನ ಗೋಡೆಗೆ ಬೆನ್ನು ಕೊಟ್ಟು ನಿಂತು ಶೆಡ್ಡಿನ ತಗಡನ್ನು ತಟ್ಟುತ್ತ ಬರ್ಲೀ ಎನ್ನುತ್ತಿದ್ದಳು. ತುಟಿ ಅವಳದು. ಗಂಟಲು ಅವಳದಲ್ಲ. ಅವನು ಇಂಜಿನ್ ಆರಿಸಿ, ಇಳಿದು, ಸಾಕು ಸಾಕು ಎನ್ನುತ್ತ ಅವಳನ್ನು ಒಳಕ್ಕೆ ಕರೆದುಕೊಂಡು ಹೋದ.

ಅಂದಿನಿಂದ ಟ್ರ್ಯಾಕ್ಟರು ಬೀದಿಯಲ್ಲೇ ಮಂಜಿಗೆ ನೆನೆಯುತ್ತ ನಿಂತಿರುತ್ತದೆ. ಗಾಡಿ ತಿರುಗಿಸಬೇಕಾದರೆ ಬಸವಪ್ರಸಾದ ಊರನ್ನೇ ಒಂದು ಸುತ್ತು ಹಾಕಿಕೊಂಡು ಬರುತ್ತಾನೆ. “ಏನ್ ಪ್ರಸಾದಣ್ಣ, ನಿನ್ ಗಾಡೀಗೆ ರಿವರ್ಸ್ ಗೇರ್ ಹಾಕಾದ ಮರ್ತ್ಬುಟ್ರಾ ಕಂಪ್ನಿಯವ್ರು?” ಎಂದು ಅಂಗಡಿಯ ಮುಂದಿನವರು ನಗುತ್ತಾರೆ. ಅವನೂ ನಕ್ಕು ಮುಂದಕ್ಕೆ ಹೋಗುತ್ತಾನೆ.

ಈಗ ಅವನು ಮತ್ತೆ ವಿಭೂತಿ ಇಡುತ್ತಾನೆ. ಸಂಜೆ ದೀಪ ಹಚ್ಚಿ ಕೂತಾಗ ಶಿವನಲ್ಲಿ ಮಗಳನ್ನು ಬೇಡುವುದಿಲ್ಲ. ಅವಳು ಅವನ ಪಾದದಲ್ಲಿರಲಿ. ಅವಳ ಒಂದೇ ಒಂದು ಮಾತನ್ನು, ಆ ಕೊನೆಯ ಮಾತನ್ನು, ತನ್ನ ಹೆಂಡತಿಯ ಕಿವಿಗೆ ಹಾಕು ಎಂದು ಬೇಡುತ್ತಾನೆ. ಅಷ್ಟರಲ್ಲಿ ಹಿಂದಿನ, ಟ್ರ್ಯಾಕ್ಟರಿಲ್ಲದ ಶೆಡ್ಡಿನಿಂದ ಸದ್ದು ಬರುತ್ತದೆ. ಟಕ್, ಟಕ್.

“ಬರ್ಲೀ…”

ಕೂಡಲೇ ಎದ್ದು ಹೋಗಿ ನಾಗರತ್ನಳನ್ನು ಕರೆತರಬೇಕು. ಅದು ಅವನಿಗೆ ಗೊತ್ತು.

ಅವನು ಏಳುವುದಿಲ್ಲ. ಕಣ್ಣು ಮುಚ್ಚಿಕೊಂಡು ಆ ದನಿಯನ್ನು ಇನ್ನೊಂದು ಸಲ ಕೇಳುತ್ತಾನೆ.